ಸಾಕ್ಷಿಯ ರುಜು

ದಿನಕ್ಕೆ ಐದು ಸಾವಿರ ಫ್ರಾಂಕು, ಮಧ್ಯಾಹ್ನದ ಅನ್ನ ಅವರದೇ.
ರಾಜಧಾನಿಯಿಂದ ಬಂದ ಡಾಕ್ಟರಮ್ಮ ಫ್ರೆಂಚಿನಲ್ಲಿ ಹೇಳಿದ್ದನ್ನು
ಮಾವಿನ ಮರದಡಿ ಕೂತವರಿಗೆ
ಜೂಲಾ ಮಾತಿಗೆ ದಾಟಿಸುವುದು, ಅಷ್ಟೇ ನನ್ನ ಕೆಲಸ.

ಮೊದಲ ದಿನವೇ ಕಾಲು ಹೂತಿತು.
ಜೀನ್ ಎಂಬುದಕ್ಕೆ ನಮ್ಮಲ್ಲಿ ಪದವಿಲ್ಲ.
ಬೀಜ ಅಂದೆ.
ಹಿಂದಿನಿಂದ ನಗು: ಸೊಳ್ಳೆ ಯಾವ ಹೊಲ ಬಿತ್ತಿತ್ತು?
ರಕ್ತ ಅಂದೆ.
ರಕ್ತ ನಮ್ಮದು, ಕುಡಿದದ್ದು ತಾನೆ ಅದು, ಅಂದಳು ಒಬ್ಬ ಮುದುಕಿ.
ಅಜ್ಜಿ ಮೊಮ್ಮಗಳೊಳಗೆ ಬಿಟ್ಟುಹೋದ ಮಾತು ಅಂದೆ ಕೊನೆಗೆ,
ಬಾಯಿಲ್ಲದೆ ಹೇಳಿದ್ದು, ಕಿವಿಯಿಲ್ಲದೆ ಕೇಳಿಸಿಕೊಂಡದ್ದು.
ಎಲ್ಲರೂ ಸುಮ್ಮನಾದರು.
ಅರ್ಥವಾಯಿತಂತಾ? ಕೇಳಿದಳು ಡಾಕ್ಟರಮ್ಮ.
ಹೂಂ ಅಂದೆ.
ಅದು ನನ್ನ ಮೊದಲ ಸುಳ್ಳು, ಅಥವಾ ಅರ್ಧ ಸುಳ್ಳು.

ಅವಳ ಚಿತ್ರಪಟದಲ್ಲಿ ಎಲ್ಲ ಸಲೀಸು.
ಸೊಳ್ಳೆಯೊಳಗಿನ ಆ ಮಾತು ಕತ್ತರಿಸಿ
ಬೇರೊಂದು ಹೊಲಿದಿದ್ದಾರೆ.
ಮರಿಗೆ, ಮರಿಯ ಮರಿಗೆ, ತಪ್ಪದೆ ದಾಟುತ್ತದೆ,
ಒಂದು ಮಳೆಗಾಲ ಯಾವ ಹೆಣ್ಣೂ ಮೊಟ್ಟೆಯಿಡುವುದಿಲ್ಲ.
ಆಮೇಲೆ ಜ್ವರವಿಲ್ಲ.
ಆಮೇಲೆ ಅನ್ನುವಾಗ ಅವಳ ದನಿ ತಗ್ಗುತ್ತಿತ್ತು;
ಅವಳೂ ಒಂದು ಕೂಸನ್ನು ಮಣ್ಣಿಗೆ ಕೊಟ್ಟವಳಂತೆ,
ಡ್ರೈವರ್ ಹೇಳಿದ್ದ.
ಅದನ್ನು ನಾನು ಅನುವಾದಿಸಲಿಲ್ಲ.

ಫಾತೊಗೊಮಾ ಎದ್ದ. ಬೇಟೆಗಾರ, ಈಗ ಕಣ್ಣು ಮಂಜು.
"ಬಸುರಿ ಹುಲ್ಲೆ ಕಂಡರೆ ಬಂದೂಕು ಇಳಿಸು ಅಂದಿದ್ದ ನಮ್ಮಪ್ಪ.
ಕೊಲ್ಲುವುದು ಒಂದು, ಹುಟ್ಟಿನ ಬಾಗಿಲಿಗೇ ಅಗುಳಿ ಜಡಿಯುವುದು ಇನ್ನೊಂದು.
ನಾನೂ ಸೊಳ್ಳೆ ಹೊಡೆಯುತ್ತೇನೆ, ಈ ಕೈಯಲ್ಲೇ.
ಹೊಡೆದ ಮೇಲೆ ಕೈ ನೋಡಿಕೊಳ್ಳುತ್ತೇನೆ.
ನೀವು ಯಾರ ಕೈ ನೋಡುತ್ತೀರಿ?
ಅದು ಹೊಳೆ ದಾಟಿದರೆ ಆಚೆ ಊರಿನವರನ್ನು ಕೇಳಿದ್ದೀರಾ?
ಅವರಾಚೆಯವರನ್ನು?
ಇನ್ನೂ ಹುಟ್ಟದವರ ಹೆಬ್ಬೆಟ್ಟು
ಯಾರ ಪೆಟ್ಟಿಗೆಯಲ್ಲಿದೆ?"

ತೆನೆ ಏಳಲಿಲ್ಲ, ಕೂತಲ್ಲಿಂದಲೇ ಅಂದಳು:
"ನನ್ನ ಇಬ್ಬರು ಹುಣಸೆಮರದ ಹಿಂದೆ ಮಲಗಿದ್ದಾರೆ.
ಅವರ ಹೆಬ್ಬೆಟ್ಟು ಇಷ್ಟಿತ್ತು."
ಕಿರುಬೆರಳ ತುದಿ ತೋರಿದಳು.
"ಹುಲ್ಲೆಗೆ ತೋರಿದ ಆ ಕರುಣೆ, ಮುದುಕಾ,
ಮಳೆಗಾಲದಲ್ಲಿ ಒಂದು ಸಲವಾದರೂ
ನಮ್ಮ ಗುಡಿಸಲ ಕಡೆ ಬಂದಿತ್ತಾ?"

ಎರಡನ್ನೂ ದಾಟಿಸಿದೆ. ಡಾಕ್ಟರಮ್ಮ ಬರೆದುಕೊಂಡಳು:
ಆಕ್ಷೇಪ ಒಂದು, ಒಪ್ಪಿಗೆ ಒಂದು.
ಅವಳ ಪುಸ್ತಕದಲ್ಲಿ ಎರಡೇ ಕಲಂ.
ತೆನೆ ಆಮೇಲೆ ಕೇಳಿದ್ದು ಯಾವ ಕಲಮಿಗೂ ಹತ್ತಲಿಲ್ಲ:

"ನನ್ನ ಉಳಿದವಳು ತೊದಲುತ್ತಾಳೆ.
ಅದು ನನ್ನಮ್ಮನ ತೊದಲು, ಅದೇ ಅಕ್ಷರಕ್ಕೆ ಅದೇ ಎಡವು.
ಅವಳು ಮಾತಾಡಿದರೆ ಸತ್ತ ನಮ್ಮವ್ವ ಅಂಗಳಕ್ಕೆ ಬಂದಂತೆ.
ಸೊಳ್ಳೆಯನ್ನು ತಿದ್ದಿದವರು
ನಾಳೆ ಇದನ್ನೂ ತಿದ್ದುತ್ತಾರಾ, ಕೇಳು.
ತಿದ್ದುವ ಮುಂಚೆ ತಪ್ಪು ಅಂತ ಯಾರು ಹೇಳಿದರು, ಅದನ್ನೂ ಕೇಳು."

ಕೇಳಿದೆ.
ಡಾಕ್ಟರಮ್ಮ ಪೆನ್ನಿಗೆ ಟೋಪಿ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.
ಅದು ನಮ್ಮ ಯೋಜನೆಯಲ್ಲಿಲ್ಲ, ಅಂದಳು.
ಗೊತ್ತಿಲ್ಲವಂತೆ, ಅಂತ ದಾಟಿಸಿದೆ.
ಇದು ಎರಡನೆಯ ಸುಳ್ಳೋ
ಆ ದಿನದ ಮೊದಲ ನಿಜವೋ.

ಸಂಜೆ ಮಸಿ ಡಬ್ಬಿ ಬಂತು.
ಫಾತೊಗೊಮಾ ಕೈಯನ್ನು ಅಂಗಿಯೊಳಗೆ ಎಳೆದುಕೊಂಡ.
ತೆನೆ ಒತ್ತಿದಳು,
ಒತ್ತಿದ ಬೆರಳನ್ನು ಬಹಳ ಹೊತ್ತು ಮಣ್ಣಿಗೆ ಉಜ್ಜಿದಳು.
ಕೆಳಗೆ, ಎಲ್ಲರೂ ಅರ್ಥ ಮಾಡಿಕೊಂಡಿದ್ದಾರೆ ಎಂಬಲ್ಲಿ
ಸಾಕ್ಷಿಯ ರುಜು ನನ್ನದು.
ಹಾಕಿದೆ. ಅಕ್ಷರ ದುಂಡಗೆ ಬಂತು, ನಾಚಿಕೆಯಾಗುವಷ್ಟು.

ಜೀಪು ಹೋದ ಮೇಲೆ
ತೆನೆಯ ಹುಡುಗಿ ಪಕ್ಕ ಬಂದು ನಿಂತಳು.
ಅವರು ಪದೇಪದೇ ಅಂದರಲ್ಲ, ಆ ಪದ ಏನು?
ಹೇಳಿಕೊಟ್ಟೆ.
ಕಣ್ಣು ಮುಚ್ಚಿ ತುಟಿ ಬಿಗಿದು ಹೊರಟಳು:
ಜೀ... ಜೀ... ಜೀ...
ಬಾನಿಯ ನೀರ ಮೇಲೆ ಕತ್ತಲು ಇಳಿಯುತ್ತಿತ್ತು,
ಅವಳದ್ಯಾವುದು, ಅದರದ್ಯಾವುದು,
ನನಗೆ ಬೇರೆ ಮಾಡಲಾಗಲಿಲ್ಲ.